ಎಲೊಯ್ಸಾ ಮಾಂಯ್‌ಗೆ ಕೊಟ್ಟ ಮಾತು

ರಾಬಿಗ್, ಸೌದಿ ಅರೇಬಿಯಾ
8 ನವೆಂಬರ್ 2024, ಶುಕ್ರವಾರ

ಪ್ರೀತಿಯ ಎಲೊಯ್ಸಾ ಮಾಂಯ್,

ನಿಮಗೆ ಕನ್ನಡ ಬಾರದು. ಬರುತ್ತಿದ್ದರೂ ಈ ಕಾಗದ ಕಳಿಸಲು ಈಗ ವಿಳಾಸವಿಲ್ಲ. ನನ್ನ ಮನೆಮಾತು ಕೊಂಕಣಿ, ನಿಮ್ಮನ್ನು ಮಾಂಯ್, ಅಂದರೆ ಅಮ್ಮ, ಎಂದು ಕರೆದದ್ದೂ ಅದರಲ್ಲೇ; ಆದರೆ ಕಾಗದ ಬರೆಯಲು ಕಲಿತದ್ದು ಕಲ್ಯಾಣಪುರದ ಕನ್ನಡ ಶಾಲೆಯಲ್ಲಿ. ಹೇಳಲೇಬೇಕಾದದ್ದೊಂದು ಎದೆಯಲ್ಲಿ ಕೂತಾಗ ಕೈ ಈ ಅಕ್ಷರಗಳಿಗೇ ಹೋಗುತ್ತದೆ. ನಿಮಗೆ ಕೊಟ್ಟ ಮಾತಿಗೆ ನಾನು ತಪ್ಪಿದೆ, ಮಾಂಯ್. ಹೇಗೆ ತಪ್ಪಿದೆ ಎಂದು ನಿಮ್ಮೆದುರು ಹೇಳಿಕೊಳ್ಳದೆ ನನಗೆ ಸಮಾಧಾನವಿಲ್ಲ.

ಆರು ವರ್ಷಗಳ ಹಿಂದೆ ಇಲ್ಲಿಯ ಕ್ವಾರ್ಟರ್ಸಿನಲ್ಲಿ ನಿಮ್ಮ ಮಗ ಅನ್ಸೆಲ್ಮೊನ ಜೊತೆ ನನಗೆ ಕೋಣೆ ಸಿಕ್ಕಿತು. ಅವನು ರಿಫೈನರಿಯಲ್ಲಿ ವೆಲ್ಡಿಂಗ್ ಇನ್ಸ್‌ಪೆಕ್ಟರ್, ನಾನು ಸ್ಟೋರ್ಸಿನಲ್ಲಿ ಗುಮಾಸ್ತ. ಅವನು ವೆನೆಜುವೆಲಾದವನೆಂದು ಕೇಳಿ ನಮ್ಮ ಬಸ್ಸಿನ ಡ್ರೈವರ್, ಬಂಟ್ವಾಳದ ಶಿಹಾಬ್, "ಎಂತ ಮಾರಾಯ್ರೆ, ಅಷ್ಟು ಎಣ್ಣೆ ಇರುವ ದೇಶದವರು ಇಲ್ಲಿಗೆ ಬಂದು ದುಡಿಯುವುದಾ?" ಎಂದಿದ್ದ. ನನಗೂ ಆಗ ಅದು ತಮಾಷೆಯಾಗಿಯೇ ಕಂಡಿತ್ತು.

ಒಂದು ಶುಕ್ರವಾರ ಸಂಜೆ ನಾಲ್ಕಕ್ಕೆ ಮೇಜಿನ ಮೇಲೆ ಅವನ ಫೋನ್ ರಿಂಗಾಗುತ್ತಲೇ ಇತ್ತು. ಎದುರಿಗೇ ಕೂತು ಈರುಳ್ಳಿ ಹೆಚ್ಚುತ್ತಿದ್ದವನು ಎತ್ತಲಿಲ್ಲ. ಪರದೆಯ ಮೇಲೆ 'ಮಮಾ' ಎಂದಿತ್ತು. ನನ್ನ ಅಮ್ಮ ತೀರಿಕೊಂಡು ಆಗ ನಾಲ್ಕು ತಿಂಗಳು. ರಜೆ ಸಿಗದೆ ನಾನು ಮಣ್ಣಿಗೂ ಹೋಗಿರಲಿಲ್ಲ. ಅಮ್ಮನ ಫೋನು ಹಾಗೆ ಕೂಗಿ ಕೂಗಿ ನಿಲ್ಲುವುದನ್ನು ನೋಡಲಾಗದೆ ಎತ್ತಿಬಿಟ್ಟೆ.

ನೀವು ಕೇಳಿದ್ದು, ಅವನು ಊಟ ಮಾಡಿದನೇ ಎಂದು. ನನಗೆ ಅರ್ಥವಾಗಲಿಲ್ಲ. ಕೊನೆಗೆ 'ಪಾನ್' ಎಂದಿರಿ. ನಮ್ಮ ಕೊಂಕಣಿಯಲ್ಲಿ ಬ್ರೆಡ್ಡಿಗೆ ಪಾಂವ್. ಮೇಜು, ಕಮೀಸು, ಪಾದ್ರಿ ಎಂದು ಪೋರ್ಚುಗೀಸರು ನಮ್ಮ ಕರಾವಳಿಯಲ್ಲಿ ಬಿಟ್ಟುಹೋದ ಪದಗಳೆಲ್ಲ ನಿಮ್ಮ ಸ್ಪ್ಯಾನಿಷ್ಷಿನಲ್ಲಿಯೂ ಇದ್ದವು. ಅವನ್ನೇ ಊರುಗೋಲು ಮಾಡಿಕೊಂಡು ನಾವು ಮಾತಾಡಿದೆವು. ಮುಂದೆ ಫೋನಿನ ಅನುವಾದವೂ ನಾನು ಕಲಿತ ಅರ್ಧಂಬರ್ಧ ಸ್ಪ್ಯಾನಿಷ್ಷೂ ಸೇರಿಕೊಂಡವು. ಪ್ರತಿ ಶುಕ್ರವಾರ ನಿಮಗೆ ಬೆಳಗ್ಗೆ ಒಂಬತ್ತು, ನನಗೆ ಸಂಜೆ ನಾಲ್ಕು. ಕರೆ ಈಗ ನನ್ನ ಫೋನಿಗೇ ಬರುತ್ತಿತ್ತು; ನಾನು ಸ್ಪೀಕರ್ ಹಾಕುತ್ತಿದ್ದೆ, ನೀವು ಸ್ವಲ್ಪ ಗಟ್ಟಿಯಾಗಿಯೇ ಮಾತಾಡುತ್ತಿದ್ದಿರಿ. ಅವನು ಬೆನ್ನು ತಿರುಗಿಸಿ ಕೂತಿರುತ್ತಿದ್ದ. ಒಮ್ಮೆಯೂ ಬಾಯಿ ಬಿಡಲಿಲ್ಲ, ಒಮ್ಮೆಯೂ ಕೋಣೆ ಬಿಟ್ಟು ಹೋಗಲಿಲ್ಲ.

ನಿಮ್ಮಿಬ್ಬರ ನಡುವೆ ಏನಾಯಿತೆಂದು ಅವನು ನನಗೆ ಹೇಳಿದ್ದು ಎರಡು ವರ್ಷದ ಮೇಲೆ. ನಿಮ್ಮೂರಿನ ರಿಫೈನರಿಯಲ್ಲಿ ಮುಷ್ಕರವಾದಾಗ ನಿಮ್ಮ ದೇಶವನ್ನು ಆಳುತ್ತಿದ್ದ ನಾಯಕ ಸಾವಿರಾರು ಜನರನ್ನು ಕೆಲಸದಿಂದ ತೆಗೆದುಹಾಕಿದ. ಅವರಲ್ಲಿ ಅನ್ಸೆಲ್ಮೊ ಒಬ್ಬ. ಕಂಪನಿಯ ಮನೆ ಹೋಯಿತು, ಬೇರೆ ಯಾರೂ ಕೆಲಸ ಕೊಡಲಿಲ್ಲ, ಹೆಂಡತಿ ತವರಿಗೆ ಹೋದವಳು ಮರಳಲಿಲ್ಲ. ಅದೇ ಹೊತ್ತಿಗೆ ನಿಮ್ಮ ಎರಡೂ ಕಣ್ಣಿಗೆ ಪೊರೆ ಬಂದು ಲೋಕ ಮಸುಕಾಗಿತ್ತು. ಎಣ್ಣೆಯ ಬೆಲೆ ಏರುತ್ತಿದ್ದ ಕಾಲ. ಅದೇ ನಾಯಕನ ಸರ್ಕಾರ ನಿಮ್ಮನ್ನು ವಿಮಾನದಲ್ಲಿ ಕ್ಯೂಬಾಕ್ಕೆ ಕಳಿಸಿ, ಒಂದು ಕಾಸು ಕೇಳದೆ ಆಪರೇಷನ್ ಮಾಡಿಸಿತು. ನೀವು ಮರಳಿ ಬಂದು ಮುಂದಿನ ಕೋಣೆಯಲ್ಲಿ ಆ ನಾಯಕನ ಪಟ ತೂಗುಹಾಕಿದಿರಿ. ಪಟ ಇಳಿಸದಿದ್ದರೆ ಹೊಸ್ತಿಲು ತುಳಿಯುವುದಿಲ್ಲ ಎಂದ ಮಗ. ನೀವು ಅಂದದ್ದನ್ನು ಅವನು ಹಾಗೇ ನೆನಪಿಟ್ಟಿದ್ದ: "ಮಗನೇ, ನಿನ್ನ ಮುಖ ನನಗೆ ಮತ್ತೆ ಕಂಡದ್ದೇ ಅವನಿಂದ."

ಹತ್ತೊಂಬತ್ತು ವರ್ಷ ಅವನು ನಿಮ್ಮೊಡನೆ ಮಾತಾಡಲಿಲ್ಲ. "ಬ್ಯಾರೆಲ್ಲಿಗೆ ನೂರು ಡಾಲರ್ ಬರುವಾಗ ದಯಾಳುವಾಗುವುದು ದೊಡ್ಡದಲ್ಲ, ಲಾಜರಸ್" ಎನ್ನುತ್ತಿದ್ದ. ನನಗೆ ಅವನ ಮಾತೂ ಸರಿ ಕಾಣುತ್ತಿತ್ತು, ನಿಮ್ಮ ಕಣ್ಣೂ ಸುಳ್ಳೆನಿಸುತ್ತಿರಲಿಲ್ಲ. ಯಾರ ಪರವೂ ನಿಲ್ಲಲಾಗದೆ, ಊಟ ಮಾಡಿದ್ದಾನೆ ಮಾಂಯ್, ಚೆನ್ನಾಗಿದ್ದಾನೆ ಎಂದಷ್ಟೇ ಹೇಳುತ್ತಿದ್ದೆ.

ಆ ನಾಯಕ ಸತ್ತ, ಎಣ್ಣೆಯ ಬೆಲೆ ಇಳಿಯಿತು. ಅವನ ಜಾಗಕ್ಕೆ ಬಂದವನ ಕೈಯಲ್ಲಿ ಕೊಡಲು ಉಳಿದದ್ದು ಅಕ್ಕಿ, ಬೇಳೆ, ಅಡುಗೆ ಎಣ್ಣೆ ತುಂಬಿದ ಒಂದು ರಟ್ಟಿನ ಪೆಟ್ಟಿಗೆ. ನಿಮ್ಮ ಬೀದಿಯಲ್ಲಿ ಆಡಳಿತ ಪಕ್ಷದ ಸಮಿತಿಯ ಹೆಂಗಸಿನ ಪಟ್ಟಿಯಲ್ಲಿ ಹೆಸರಿದ್ದರೆ ಪೆಟ್ಟಿಗೆ, ಇಲ್ಲದಿದ್ದರೆ ಇಲ್ಲ. ಮತದಾನದ ದಿನ ಬಾಗಿಲು ತಟ್ಟುವವಳೂ ಅವಳೇ. ನೀವು ಪೆಟ್ಟಿಗೆಯ ಬಗ್ಗೆ ಹೇಳುವಾಗ ಸ್ವರ ಸಣ್ಣದಾಗುತ್ತಿತ್ತು. ಮೊದಲಿನವನನ್ನು ನೀವು ಪ್ರೀತಿಸಿದಿರಿ, ಎರಡನೆಯವನಿಗೆ ಹೆದರಿದಿರಿ. ನಿಮ್ಮ ಮತ ಮಾತ್ರ ಒಂದೇ ಕಡೆ ಬೀಳುತ್ತಿತ್ತು.

ಕಳೆದ ಜುಲೈಯ ಚುನಾವಣೆಯವರೆಗೆ. ಮರುವಾರ ಫೋನ್ ಮಾಡಿದಾಗ ಅನ್ಸೆಲ್ಮೊ ಪಾಳಿಯಲ್ಲಿದ್ದ. ಅವನಿಲ್ಲವೆಂದು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡಿರಿ. ಆಮೇಲೆ, ಈ ಸಲ ಎದುರು ಪಕ್ಷದ ಗುಂಡಿ ಒತ್ತಿ ಬಂದೆ ಎಂದಿರಿ. "ಕಣ್ಣು ಕೊಟ್ಟವನು ಸತ್ತ. ಅವನ ಋಣವನ್ನು ಇವನಿಗೆ ಎಷ್ಟು ಸಲ ತೀರಿಸಲಿ?" ಆದರೆ ಗೆದ್ದವನು ಇವನೇ ಎಂದು ಘೋಷಣೆಯಾಗಿತ್ತು. ಜನ ಬೀದಿಗಿಳಿದಿದ್ದರು, ಪೊಲೀಸರು ಜನರ ಫೋನ್ ತೆಗೆಸಿ ನೋಡುತ್ತಾರಂತೆ ಎಂದಿರಿ. ಈ ಸಂಗತಿ ಅನ್ಸೆಲ್ಮೊಗೆ ಹೇಳಬೇಡ ಎಂದು ನನ್ನಿಂದ ಮಾತು ತೆಗೆದುಕೊಂಡಿರಿ. ಹೆದರಿಕೆಯಿಂದಲೇ ಎಂದು ನಾನು ಕೇಳಿದೆ. ಅಲ್ಲ ಎಂದಿರಿ. "ಅವನು ಫೋನ್ ಎತ್ತುವುದಾದರೆ ಮಗನಾಗಿ ಎತ್ತಲಿ. ಗೆದ್ದವನಾಗಿ ಎತ್ತುವುದು ಬೇಡ."

ಸೆಪ್ಟೆಂಬರಿನಲ್ಲಿ ಬೇರೆ ನಂಬರಿನಿಂದ ಫೋನ್ ಬಂತು. ನಿಮ್ಮ ಪಕ್ಕದ ಮನೆಯ ಯೆಸೆನಿಯಾ. ಬೆಳಗ್ಗೆ ಕಾಫಿ ಕುಡಿಯಲು ಕೂತವರು ಕುರ್ಚಿಯಲ್ಲೇ ಹೋಗಿಬಿಟ್ಟಿರಂತೆ. ನಿಮ್ಮ ಫೋನಿನಲ್ಲಿ ಎಲ್ಲರಿಗಿಂತ ಮೇಲೆ ನನ್ನ ಹೆಸರಿತ್ತಂತೆ, ಅದಕ್ಕೆ ನನಗೆ ಮಾಡಿದಳು. ನಿಮ್ಮ ಮಗನಿಗೆ ಸಾವಿನ ಸುದ್ದಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು.

ಅವನು ತಲೆಯಾಡಿಸಿ ಡ್ಯೂಟಿಗೆ ಹೋದ. ಪಾಸ್‌ಪೋರ್ಟಿನ ಅವಧಿ ಮುಗಿದಿತ್ತು, ಹೋಗುವ ದಾರಿಯೇ ಇರಲಿಲ್ಲ. ಮೂರನೆಯ ದಿನ ಮಧ್ಯಾಹ್ನ ತಟ್ಟೆಯ ಮುಂದೆ ಕೂತು, "ಸಾಯುವವರೆಗೂ ನನ್ನನ್ನು ಕೈಬಿಟ್ಟು ಅವನನ್ನೇ ಹಿಡಿದುಕೊಂಡಳು" ಎಂದ. ಮಾಂಯ್, ಆಗ ನನ್ನಿಂದಾಗಲಿಲ್ಲ. ಎಲ್ಲ ಹೇಳಿಬಿಟ್ಟೆ.

ಅವನು ನಂಬಲಿಲ್ಲ. "ನನ್ನನ್ನು ಸಮಾಧಾನ ಮಾಡಲು ಸತ್ತವಳ ಬಾಯಲ್ಲಿ ಸುಳ್ಳು ಹೇಳಿಸಬೇಡ" ಎಂದು ರೇಗಿದ. ನನ್ನ ಬಳಿ ಸಾಕ್ಷಿ ಏನಿತ್ತು? ಗೆದ್ದವನಾಗಿ ಎತ್ತುವುದು ಬೇಡ ಎಂದಿರಲ್ಲ, ಅದನ್ನು ನಿಮ್ಮದೇ ಸ್ಪ್ಯಾನಿಷ್ಷಿನಲ್ಲಿ, ತಪ್ಪುತಪ್ಪಾಗಿ ಹೇಳಿದೆ. ಅಂಥ ಮಾತು ಕಟ್ಟಲು ನನಗೆ ಬಾರದೆಂದು ಅವನಿಗೆ ಗೊತ್ತು. ಅದು ನಿಮ್ಮ ಮಾತೇ ಎಂದು ಅವನ ಮುಖ ಒಪ್ಪಿಕೊಂಡಿತು. ಆಮೇಲೆ ಅವನು ಅತ್ತದ್ದನ್ನು ನಾನು ಬರೆಯುವುದಿಲ್ಲ.

ಮರುದಿನ ಯೆಸೆನಿಯಾ ಫೋನ್ ಮಾಡಿ, ಗೋಡೆಯ ಮೇಲಿನ ಪಟವನ್ನು ತೆಗೆದು ಬಿಸಾಡಲೇ ಎಂದು ಕೇಳಿದಳು. "ಅಮ್ಮ ಹಾಕಿದ್ದು. ಅಲ್ಲೇ ಇರಲಿ" ಎಂದ ನಿಮ್ಮ ಮಗ.

ಕಳೆದ ತಿಂಗಳು ಅವನ ಕರಾರು ಮುಗಿಯಿತು, ಈ ದೇಶದ ಇನ್ನೊಂದು ತುದಿಯ ಜುಬೈಲಿಗೆ ಬೇರೆ ಕೆಲಸ ಹಿಡಿದು ಹೋದ. ಹೊರಡುವಾಗ ಅಪ್ಪಿಕೊಂಡ, ಆದರೆ ನನ್ನ ಕಣ್ಣು ತಪ್ಪಿಸಿದ. ನನ್ನನ್ನು ನೋಡಿದರೆ ಅವನು ಎತ್ತದ ಫೋನುಗಳೆಲ್ಲ ನೆನಪಾಗುತ್ತವೆ, ಅದು ನನಗೆ ಅರ್ಥವಾಗುತ್ತದೆ. ಮೆಸೇಜು ಹಾಕಿದರೆ ಒಂದು ಹೆಬ್ಬೆರಳು ಕಳಿಸುತ್ತಾನೆ. ಈಗ ಕೋಣೆಯಲ್ಲಿ ನಾನೊಬ್ಬನೇ. ಶುಕ್ರವಾರ ನಾಲ್ಕರ ಹೊತ್ತಿಗೆ ಸುಮ್ಮನೆ ಸಮುದ್ರದ ಕಡೆ ನಡೆದುಹೋಗುತ್ತೇನೆ. ಹೇಳದೇ ಇದ್ದಿದ್ದರೆ ಅವನು ನಿಮ್ಮ ಮೇಲಿನ ಕೋಪದಲ್ಲಾದರೂ ನಿಶ್ಚಿಂತನಾಗಿ ಇರುತ್ತಿದ್ದನೇನೋ. ನಾನು ಮಾಡಿದ್ದು ಸರಿಯೋ ತಪ್ಪೋ ಎಂದು ಕೇಳಲು ನೀವೂ ಇಲ್ಲ.

ಇನ್ನೊಂದು ವಿಷಯ ಹೇಳಿ ಮುಗಿಸುತ್ತೇನೆ. ಕಳೆದ ಶನಿವಾರ ಸತ್ತವರ ಸ್ಮರಣೆಯ ದಿನವಾಗಿತ್ತು. ಇಲ್ಲಿ ನಮಗೆ ಇಗರ್ಜಿ ಇಲ್ಲ, ಈ ದೇಶದಲ್ಲಿ ಚರ್ಚೇ ಇಲ್ಲ. ಊರಲ್ಲಿರುವ ನನ್ನ ಹೆಂಡತಿ ಮೆಟಿಲ್ಡಾಳಿಗೆ ನಿಮ್ಮ ಹೆಸರಿನಲ್ಲಿ ಅಲ್ಲಿನ ಚರ್ಚಿನಲ್ಲಿ ಒಂದು ಬಲಿಪೂಜೆ ಹೇಳಿಸಲು ತಿಳಿಸಿದ್ದೆ. ಹೆಸರು ಬರೆದುಕೊಳ್ಳುವಾಗ ಪಾದ್ರಿಗಳು, ಇದು ನಮ್ಮ ಕಡೆಯ ಹೆಸರಲ್ಲವಲ್ಲ, ಇವರು ನಿಮಗೆ ಏನಾಗಬೇಕು ಎಂದು ಕೇಳಿದರಂತೆ. ನಿಮ್ಮನ್ನು ಒಂದು ಸಲವೂ ನೋಡದ ನನ್ನ ಮೆಟಿಲ್ಡಾ ಸ್ವಲ್ಪ ಯೋಚಿಸಿ, "ನನ್ನ ಅತ್ತೆ, ಫಾದರ್" ಎಂದಳಂತೆ.

ದೇವರು ನಿಮ್ಮನ್ನು ಬೆಳಕಿನಲ್ಲಿಡಲಿ, ಮಾಂಯ್. ತಪ್ಪಿದ್ದರೆ ಮನ್ನಿಸಿ. ಜುಬೈಲಿನಲ್ಲಿ ಒಬ್ಬನೇ ಇರುವ ಆ ಮಗನನ್ನು ಅಲ್ಲಿಂದಲೇ ಹರಸಿ.

ನಿಮ್ಮ ಹೊಟ್ಟೆಯಲ್ಲಿ ಹುಟ್ಟದ ಮಗ,
ಲಾಜರಸ್