ಐದು ದಿನದ ಅಂಟು

ಸೆಪ್ಟೆಂಬರ್ ೧೮, ಶುಕ್ರವಾರ

ನನ್ನ ಗುಂಡನಿಗೆ,

ಅಕ್ಕ ಮಾಡುವ ಆಶೀರ್ವಾದಗಳು. ನಿನ್ನ ಕಾಗದಕ್ಕೆ ಉತ್ತರ ಬರೆಯದೆ ಹದಿನೈದು ದಿನ ತಳ್ಳಿದೆ, ಬೈದುಕೋ. ನಿನ್ನ ಭಾವನ ಮಂಡಿನೋವು ಹಾಗೇ ಇದೆ, ಗೊಣಗಾಟ ಮಾತ್ರ ದುಪ್ಪಟ್ಟಾಗಿದೆ. ಫೋನ್ ಮಾಡಿದರೆ ನೀನು ನಗಿಸಿ ಜಾರಿಕೊಳ್ಳುತ್ತೀಯ, ಅದಕ್ಕೇ ಈ ಕಾಗದ.

ನಿಮ್ಮ ಸೇತುವೆಯ ಮಾದರಿ ತುಂಡುಗಳು ನಮ್ಮ ಲ್ಯಾಬಿಗೇ ಬಂದಿವೆ. ಕಾಂಕ್ರೀಟ್ ಭಾಗಗಳ ಹಲ್ಲಿಗೆ ಹಲ್ಲು ಕೂರಿಸಿ, ನಡುವೆ ಎಪಾಕ್ಸಿ ಅಂಟು ಬಳಿದು, ಕೇಬಲ್ಲಿನಿಂದ ಬಿಗಿಸುವ ಮೇಸ್ತ್ರಿ ನೀನು. ಆಯಾ ದಿನದ ಅಂಟಿನಿಂದಲೇ ನೀನು ಜೋಡಿಸಿ ಕಳಿಸುವ ಚಿಕ್ಕ ತುಂಡನ್ನು, ಜಾರುತ್ತದೋ ಇಲ್ಲವೋ ಎಂದು ಒತ್ತಿ ಮುರಿಯುವವಳು ನಾನು. ಕಳೆದ ವಾರ ಒತ್ತಿದಾಗ ಜೂನ್ ಎಂಟರಿಂದ ಹನ್ನೆರಡರವರೆಗಿನ ಐದು ತುಂಡುಗಳಲ್ಲಿ ಒಂದೂ ಅಂಟು ಬಿಡಲಿಲ್ಲ, ಪಕ್ಕದ ಕಾಂಕ್ರೀಟೇ ಒಡೆಯಿತು. ಹಾಗೇ ಆಗಬೇಕು. ನನ್ನ ತಮ್ಮನ ಕೈ ಎಂದು ಮನೆಯಲ್ಲಿ ಜಂಬ ಕೊಚ್ಚಿಕೊಂಡೆ.

ಮಾರನೆಯ ದಿನ ಚೂರುಗಳನ್ನು ಎತ್ತಿಡುವಾಗ ತಲೆ ಕೆಟ್ಟುಹೋಯಿತು. ನಿಮ್ಮ ದಾಖಲೆಯ ಪ್ರಕಾರ ಆ ವಾರವೆಲ್ಲ ಹಳೆಯ ಬೂದು ಎಪಾಕ್ಸಿ. ಬೆಳ್ಳಗಿನ ಹೊಸ ಡಬ್ಬಿ ಒಡೆದದ್ದು ಜೂನ್ ಹದಿನೈದಕ್ಕೆ. ಐದೂ ತುಂಡಿನಲ್ಲಿರುವುದು ಬೆಳ್ಳಗಿನದು. ತುಂಡುಗಳಿಗೆ ಅಂಟಿಸಿದ ತಾರೀಖಿನ ಚೀಟಿಗಳ ಮೇಲಿರುವುದು ನಿನ್ನದೇ ಕೋಳಿಕಾಲಿನ ಅಕ್ಷರ. ದಾಖಲೆ ತಪ್ಪಿರಬಹುದೇ? ನನ್ನ ಕಣ್ಣೇ ಸರಿಯಿಲ್ಲವೇ? ನಾಲ್ಕು ಸಲ ಕಿಟಕಿಯ ಬೆಳಕಿಗೆ ಹಿಡಿದೆ. ಇಷ್ಟು ಚೆನ್ನಾಗಿ ಬಂದಿದೆಯಲ್ಲ, ಇನ್ನೇನು ತಕರಾರು ನಿಮ್ಮದು ಎಂದು ನಮ್ಮ ಸಾಹೇಬರು ಕೇಳಿದರು. ಏನೂ ಇಲ್ಲ ಅಂದುಬಿಟ್ಟೆ.

ಯಾಕೋ ಹೀಗೆ ಮಾಡಿದೆ? ಹದಿನೈದಕ್ಕೆ ಕೂತು ಐದನ್ನೂ ಒಂದೇ ಡಬ್ಬಿಯಿಂದ ಮಾಡಿದೆಯಾ? ಚಿಕ್ಕಂದಿನಲ್ಲಿ ಗೋಲಿ ಆಟದಲ್ಲೂ ಮೋಸ ಮಾಡದವನು ನೀನು. ಆ ವಾರದ ಜೋಡಣೆಗಳು ಗಟ್ಟಿಯಾಗೇ ಇರಬಹುದು, ಇಲ್ಲದೆಯೂ ಇರಬಹುದು, ಯಾರಿಗೂ ಗೊತ್ತಿಲ್ಲ. ಮುಂದಿನ ತಿಂಗಳು ಅದರ ಮೇಲೆ ಬಸ್ಸು ಓಡುತ್ತದೆ. ಹೇಳಿದರೆ ನಿನ್ನ ಕೆಲಸ ಹೋಗುತ್ತದೆ. ಹೇಳದಿದ್ದರೆ ನಾನು ಆ ಬಸ್ಸು ಹತ್ತಲಾರೆ. ಒಂದು ವಾರದಿಂದ ಏನೂ ತೋಚುತ್ತಿಲ್ಲ, ನಿನ್ನೆ ಸಾರಿಗೆ ಎರಡು ಸಲ ಉಪ್ಪು ಹಾಕಿದೆ.

ಮುಂದಿನ ಶುಕ್ರವಾರ ವರದಿ ಕೊಡಬೇಕು. ಅಷ್ಟರೊಳಗೆ ನೀನೇ ಎಂಜಿನಿಯರರ ಹತ್ತಿರ ಹೋಗಿ ಹೇಳಿಬಿಡು. ಆ ಜೋಡಣೆಗಳನ್ನು ಮತ್ತೆ ಪರೀಕ್ಷಿಸಲಿ.

ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ. ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ಅಕ್ಕ

ಮತ್ತೊಂದು ಮಾತು: ಕಾಗದ ಮುಗಿಸಿ, ಮಾತ್ರೆ ಚೀಟಿ ಹುಡುಕಲು ಆಸ್ಪತ್ರೆಯ ಫೈಲು ತೆಗೆದೆ. ನನ್ನ ಹೊಟ್ಟೆಯ ಆಪರೇಷನ್ ಆದದ್ದು ಜೂನ್ ಎಂಟು, ಮನೆಗೆ ಕಳಿಸಿದ್ದು ಹನ್ನೆರಡು. ಐದೂ ದಿನ ನನ್ನ ಮಂಚದ ಪಕ್ಕ ಸ್ಟೂಲಿನ ಮೇಲೆ ಕೂತಿದ್ದವನು ನೀನು. ರಜೆ ಹೇಗೆ ಸಿಕ್ಕಿತೋ ಎಂದು ಕೇಳಿದ್ದಕ್ಕೆ, "ನಾನಿಲ್ದಿದ್ರೆ ಸೇತುವೆ ಏನೂ ಬೀಳಲ್ಲ, ನೀನು ಮಲ್ಕೊ ಅಕ್ಕ" ಅಂದಿದ್ದೆ. ಹೊಲಿಗೆ ಎಳೆಯುವಷ್ಟು ನಕ್ಕಿದ್ದೆ ನಾನು. ಆ ವಾರ ಸೇತುವೆ ಜೋಡಿಸಿದ್ದು ಬೇರೆ ಯಾರೋ, ತುಂಡು ಮಾಡಲು ನೀನು ಅಲ್ಲಿರಲೇ ಇಲ್ಲ. ಈ ಕಾಗದ ಹರಿದುಹಾಕಲೋ ಬೇಡವೋ ತಿಳಿಯದೆ ಒಂದು ಗಂಟೆಯಿಂದ ಕೂತಿದ್ದೇನೆ. ಹರಿಯುವುದಿಲ್ಲ. ಎಂಜಿನಿಯರರ ಹತ್ತಿರ ಒಬ್ಬನೇ ಹೋಗಬೇಡ, ನಾನು ಬರುತ್ತೇನೆ.