ಚೌಡೇಶ ಸರಿಮಾಡಿದ ತಾಳ

ಅಪ್ಪಾ,

ಎದುರುಮನೆ ಚೌಡೇಶ ಕೀಬೋರ್ಡು, ಕಂಪ್ಯೂಟರು ಇಟ್ಟುಕೊಂಡು ತನ್ನದೇ ಸಂಗೀತದ ಮೊದಲ ಕ್ಯಾಸೆಟ್ ತಂದಿದ್ದಾನೆ. ನೀನು ತೀರಿಕೊಳ್ಳುವ ಹಿಂದಿನ ವರ್ಷ ನಿನ್ನ ಮಗ್ಗದ ಸದ್ದನ್ನು ಟೇಪ್ ಮಾಡಿಕೊಂಡು ಹೋಗಿದ್ದನಲ್ಲ, ಆ ಸದ್ದೇ ಇದಕ್ಕೆ ತಾಳ. ಇವತ್ತು ಬಸ್ ಸ್ಟ್ಯಾಂಡಿನ ಅಂಗಡಿಯಲ್ಲಿ ಹಾಕಿಸಿ ಕೇಳಿದೆ. ಮೈಯೆಲ್ಲ ಉರಿದುಹೋಯಿತು. ಹಿಂದೆ ಮುರಿದಿದ್ದ ಎಡಗಾಲಿನಲ್ಲಿ ನೀನು ಮಗ್ಗದ ಹಲಗೆ ತುಳಿಯುವಾಗ ಪ್ರತಿ ಸಲ ಒಂದು ಚೂರು ತಡವಾಗುತ್ತಿತ್ತಲ್ಲ, ಅದೇ ಇಲ್ಲ!

ಅಂಗಡಿಗೆ ಕ್ಯಾಸೆಟ್ ಕೊಡಲು ಬಂದಿದ್ದ ಚೌಡೇಶ ಅಲ್ಲೇ ನಿಂತಿದ್ದ.

"ಲೇ, ನಮ್ಮಪ್ಪನ ಕಾಲು ಎಲ್ಲೋಯ್ತ್ಲಾ?"

"ತಾಳ ತಪ್ತಿತ್ತು ಕಣಕ್ಕ. ಕಂಪ್ಯೂಟರ್‌ನಲ್ಲಿ ಸರಿಮಾಡ್ದೆ."

"ಸರಿಮಾಡಕ್ಕೆ ನೀನ್ಯಾರ್ಲಾ? ಆ ಹಳೇ ಟೇಪ್ ಕೊಡು."

"ಅದ್ರ ಮ್ಯಾಲೇ ಬ್ಯಾರೆ ರೆಕಾರ್ಡ್ ಮಾಡ್ಬುಟ್ಟೆ. ಎಂಗಿತ್ತು ಅಂತ ನೀನೇ ತೋರ್ಸಕ್ಕ, ಅಂಗೇ ಮಾಡ್ತೀನಿ."

ತೋರಿಸಿಯೇ ಬಿಡುತ್ತೇನೆಂದು ಅಂಗಡಿಯ ಮೇಜಿನ ಮೇಲೆ ಬಡಿದೆ. ನಾಲ್ಕು ಸಲ ಬಡಿದೆ, ಎಂಟು ಸಲ ಬಡಿದೆ. ನನ್ನ ಕೈಯೂ ಅವನ ಕಂಪ್ಯೂಟರಿನಂತೆ ನೆಟ್ಟಗೇ ಬಡಿಯಿತು.

ಮಗ್ಗ ಇದ್ದಿದ್ದರೆ ಕೂತು ತೋರಿಸುತ್ತಿದ್ದೆ. ನಿನ್ನ ತಿಥಿ ಮುಗಿದ ವಾರಕ್ಕೇ ನಾನೇ ಅದನ್ನು ಮಾರಿ, ಬಿಚ್ಚಿಸಿ ಟೆಂಪೋ ಹತ್ತಿಸಿದ್ದೆನಲ್ಲ.

ರುದ್ರಾಣಿ