ಗಂಭೀರ ಅಪ್ಪ

ಅಪ್ಪಾ,

ಓದಲು ನೀನಿಲ್ಲ ಎಂಬ ಧೈರ್ಯದಲ್ಲೇ ಇದನ್ನು ಬರೆಯುತ್ತಿದ್ದೇನೆ. ಇದ್ದಿದ್ದರೆ ನಿನ್ನ ಮುಖ ನೋಡಿ ಹೇಳಲು ಆಗುತ್ತಿರಲಿಲ್ಲ.

ಆಫೀಸಿನಲ್ಲಿ ಬಡ್ತಿ ಬೇಕೆಂದು ಸಂಜೆಯ ಇಂಗ್ಲಿಷ್ ಕ್ಲಾಸಿಗೆ ಸೇರಿದ್ದೇನೆ. ಇವತ್ತು ಗಾಂಭೀರ್ಯದ ಪದಗಳ ಪಾಠವಿತ್ತು. ಮೇಡಂ ಬೋರ್ಡಿನ ಮೇಲೆ ಗ್ರೇವ್, ಸ್ಟರ್ನ್, ಆಸ್ಟಿಯರ್ ಎಂದು ಬರೆದರು. ಎಲ್ಲವೂ ನಗು ಸುಳಿಯದ ಮುಖಗಳಿಗೆ ಹೇಳುವಂಥವು.

“ನಿಮ್ಮ ಮನೇಲಿ ಯಾರಾದ್ರೂ ಒಬ್ರ ಬಗ್ಗೆ ಹೇಳಿ ನೋಡೋಣ” ಎಂದರು. ನಾನು ಎದ್ದು ನಿಂತೆ. ನನ್ನ ತಂದೆ ಬಹಳ ಗಂಭೀರ ಮನುಷ್ಯ, ಅವರು ನಕ್ಕಿದ್ದನ್ನು ನಾನು ಕಂಡೇ ಇಲ್ಲ ಎಂದು ಮೂರೂ ಪದ ಸೇರಿಸಿ ಇಂಗ್ಲಿಷಿನಲ್ಲಿ ಹೇಳಿಬಿಟ್ಟೆ. ನಾಲಿಗೆ ಎಲ್ಲೂ ತೊದಲಲಿಲ್ಲ.

ನಿನ್ನ ಬಗ್ಗೆ ಹೀಗೆ! ನಿನ್ನ ಕ್ಷೌರದಂಗಡಿಯಲ್ಲಿ ಮುಖದ ತುಂಬ ನೊರೆ ಹಚ್ಚಿಸಿಕೊಂಡ ಗಿರಾಕಿಗಳು ನಿನ್ನ ಮಾತಿಗೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. “ನಕ್ಕು ಮುಗಿಸಪ್ಪಾ, ನಿಂಗಿರೋದು ಎರಡೇ ಕಿವಿ” ಎಂದು ನೀನು ಕತ್ತಿಯನ್ನು ಮೇಲೆತ್ತಿ ಕಾಯುತ್ತಿದ್ದೆ.

ಕ್ಲಾಸಿನಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದರು. ಪಕ್ಕದಲ್ಲಿ ಕೂತಿದ್ದ ನರ್ಸ್ ಒಬ್ಬಳು ನನ್ನ ಕೈ ಹಿಡಿದು, “ಅಬ್ಬಾ, ಅಷ್ಟು ಸೀರಿಯಸ್ಸಾ? ಜಡ್ಜ್ ಆಗಿದ್ರಾ ನಿಮ್ಮಪ್ಪ?” ಎಂದಳು.

ನಾನು ಇಲ್ಲ ಅನ್ನಲಿಲ್ಲ.

ಹೊರಡುವಾಗ ಮೇಡಂ, “ಮುಂದಿನ ಪಾಠ ನಗುವಿನ ಪದಗಳು. ಮನೇಲಿ ನಿಮ್ಮನ್ನ ತುಂಬಾ ನಗಿಸೋರ ಬಗ್ಗೆ ಹೇಳ್ಬೇಕು” ಎಂದರು.

ದಾರಿಯುದ್ದಕ್ಕೂ ಬೇರೆ ಯಾರಾದರೂ ನೆನಪಾಗುತ್ತಾರೇನೋ ಎಂದು ಯೋಚಿಸಿದೆ. ಯಾರೂ ಸಿಗಲಿಲ್ಲ, ಅಪ್ಪಾ.